ಸಣ್ಣ ಕಣ್ಣಿಗೆ ಹತ್ತಿದ ಸಿಂಧೂರ

ನಾನೊಂದು ಕ್ಷ-ಕಿರಣದ ಕಣ್ಣು. ಅಂಗೈಯಗಲದ ಮುಖ, ಅದರ ಹಿಂದೆ ಸೂಜಿಮೊನೆಯಂಥ ಹರಳುಗಳ ಒಂದು ಪದರ, ಮತ್ತೂ ಹಿಂದೆ ಒಂದಿಷ್ಟು ತಂತಿ. ಇಷ್ಟೇ ನನ್ನ ದೇಹ. ತಲೆಬುರುಡೆ ಬಿಚ್ಚದೆ, ತೊಡೆಯ ಸಂದಿಯಲ್ಲಿ ಸಣ್ಣ ತೂತು ಮಾಡಿ, ಅಲ್ಲಿಂದ ನಳಿಗೆ ಏರಿಸಿ ಮೆದುಳಿನ ರಕ್ತನಾಳ ರಿಪೇರಿ ಮಾಡುವ ಡಾಕ್ಟರುಗಳಿದ್ದಾರಲ್ಲ, ಅವರಿಗೆ ಒಳಗಿನ ದಾರಿ ತೋರಿಸುವವನು ನಾನು. ಕೂದಲಿಗಿಂತ ತೆಳ್ಳಗಿನ ತಂತಿಯೂ ನನಗೆ ಬಿಡಿಬಿಡಿಯಾಗಿ ಕಾಣುತ್ತದೆ. ಜಂಬ ಎನ್ನಬೇಡಿ. ಇದ್ದದ್ದನ್ನು ಹೇಳಿದೆ.

ನಾನು ಹುಟ್ಟಿದ್ದು ಪರದೇಶದಲ್ಲಿ, ಧೂಳಿನ ಕಣವೂ ಇಲ್ಲದ ಕೋಣೆಯಲ್ಲಿ. ನನ್ನನ್ನು ಮಾಡಿದವರು ಕಣ್ಣೆರಡು ಬಿಟ್ಟು ಮೈಯೆಲ್ಲ ಮುಚ್ಚಿಕೊಂಡಿರುತ್ತಿದ್ದರು. ಸೀನು ಬಂದರೆ ಹೊರಗೆ ಓಡುತ್ತಿದ್ದರು. ಜಗತ್ತೆಲ್ಲ ಹೀಗೇ ಇದ್ದೀತು ಎಂದು ನಂಬಿಕೊಂಡೇ ನಾನು ಹಡಗು ಹತ್ತಿದೆ. ಹುಬ್ಬಳ್ಳಿಯಲ್ಲಿ ಲಾರಿಯಿಂದ ಇಳಿಸಿದವರು ನನ್ನ ಪೆಟ್ಟಿಗೆಯನ್ನು ತಲೆಕೆಳಗಾಗಿ ಇಟ್ಟು, ಅದರ ಮೇಲೆ ಕೂತು ಗಿರ್ಮಿಟ್ಟು ತಿಂದರು. ಮನುಷ್ಯರ ಬಗ್ಗೆ ನನಗೆ ಮೊದಲ ಪಾಠ ಆದದ್ದು ಅಲ್ಲಿ.

ಆಸ್ಪತ್ರೆಯಲ್ಲಿ ನನ್ನನ್ನು ಒಂದು ದೊಡ್ಡ ತಟ್ಟೆಯ ಪಕ್ಕಕ್ಕೆ ಸಿಕ್ಕಿಸಿದರು. ಅದೂ ಕ್ಷ-ಕಿರಣದ ಕಣ್ಣೇ, ಹೆಸರಿಗೆ. ಇಡೀ ತಲೆ ಕಾಣುತ್ತದೆ, ಸೂಕ್ಷ್ಮ ಯಾವುದೂ ಕಾಣುವುದಿಲ್ಲ. ಬೇಡವಾದಾಗ ನನ್ನನ್ನು ಮೇಲಕ್ಕೆ ಮಡಚಿಡುತ್ತಿದ್ದರು, ಬೇಕಾದಾಗ ತಟ್ಟೆಯ ಮುಂದಕ್ಕೆ, ರೋಗಿಯ ಮುಖದ ಮೇಲೆ ಇಳಿಸುತ್ತಿದ್ದರು. ಅಲ್ಲಿಯವರು ತಟ್ಟೆಯನ್ನು ದೊಡ್ಡ ಕಣ್ಣು, ನನ್ನನ್ನು ಸಣ್ಣ ಕಣ್ಣು ಎಂದರು.

ನನ್ನ ಯಜಮಾನ ಡಾಕ್ಟರ್ ಶ್ರೀಕಂಠ ಇನಾಮದಾರ. ಕೈಗುಣ ಒಳ್ಳೆಯದು, ಒಪ್ಪುತ್ತೇನೆ. ಕೈ ಬಿಟ್ಟು ಉಳಿದದ್ದರ ಬಗ್ಗೆ ನನ್ನನ್ನು ಕೇಳಬೇಡಿ. ಯಾರಾದರೂ ದೊಡ್ಡವರು ಬಂದರೆ ನನ್ನ ಬೆನ್ನು ತಟ್ಟಿ, "ಇಂಥಾದ್ದು ಈ ಕಡೆ ಯಾರ ಹತ್ರನೂ ಇಲ್ರೀ" ಎಂದು ಫೋಟೋ ಹೊಡೆಸಿಕೊಳ್ಳುತ್ತಿದ್ದ. ಕೆಲಸದ ಹೊತ್ತಿಗೆ ಮಾತ್ರ ನನ್ನನ್ನು ಇಳಿಸುವಷ್ಟು ತಾಳ್ಮೆ ಅವನಿಗಿರಲಿಲ್ಲ. ಎಲ್ಲ ಮುಗಿದ ಮೇಲೆ, ಕೊನೆಯ ಒಂದು ನೋಟಕ್ಕೆ ಕರೆಯುತ್ತಿದ್ದ. ಮದುವೆ ಮುಗಿದ ಮೇಲೆ ಹುಡುಗಿ ನೋಡುವ ಶಾಸ್ತ್ರ ಅದು.

ಆ ವರ್ಷದ ಆಯುಧಪೂಜೆ ಬಂತು. ಪರದೆಗಳಿಗೆ ಚೆಂಡುಹೂವು, ಟೇಬಲ್ಲಿನ ಗಾಲಿಗೆ ನಿಂಬೆಹಣ್ಣು, ಉಳಿದವಕ್ಕೆಲ್ಲ ಅರಿಶಿನ ಕುಂಕುಮ. ನನ್ನ ಪಾಲಿಗೆ ಅದೂ ಸಾಲದಾಯಿತು. ಇನಾಮದಾರ ತನ್ನ ಶನಿವಾರದ ಹನುಮಪ್ಪನ ಗುಡಿಯಿಂದ ಕಿತ್ತಳೆ ಬಣ್ಣದ ಸಿಂಧೂರ ತಂದಿದ್ದ. "ಇದು ನನ್ನ ಕಣ್ಣು. ಇದಕ್ಕ ನಾನ ಹಚ್ಚತೀನಿ" ಎಂದು ಎಲ್ಲರನ್ನೂ ಸರಿಸಿ, ಸರಿಯಾಗಿ ನನ್ನ ಮುಖಕ್ಕೇ ಒಂದು ಬೊಟ್ಟಿಟ್ಟು ಕಣ್ಣು ಮುಚ್ಚಿ ಕೈಮುಗಿದ. ಅಗ್ಗದ ಸಿಂಧೂರದಲ್ಲಿ ಸೀಸ ಬೆರೆತಿರುತ್ತದೆ. ಕ್ಷ-ಕಿರಣ ಸೀಸವನ್ನು ದಾಟುವುದಿಲ್ಲ. ಇದನ್ನು ಅವನು ಕಾಲೇಜಿನಲ್ಲಿ ಓದಿದ್ದ, ದಿನಾ ಮೈಮೇಲೆ ಸೀಸದ ಅಂಗಿ ಹಾಕಿಕೊಳ್ಳುತ್ತಿದ್ದ. ಆದರೆ ಬೆರಳಲ್ಲಿ ಸಿಂಧೂರ ಹಿಡಿದಾಗ ಓದಿದ್ದು ಯಾರಿಗೆ ನೆನಪಾಗುತ್ತದೆ? ಮರುದಿನ ಒರೆಸುವವರು ಕಣ್ಣಿಗೆ ಕಂಡದ್ದನ್ನೆಲ್ಲ ಒರೆಸಿದರು. ಮಡಚಿಟ್ಟಿದ್ದ ನಾನು ಬೊಟ್ಟಿನ ಸಮೇತ ಹಾಗೇ ಉಳಿದೆ.

ಹಬ್ಬದ ಮೇಲೆ ಮೊದಲು ಬಂದವಳು ನೀಲವ್ವ ಹಳ್ಯಾಳ, ಗದಗ ದಾರಿಯ ಬಸ್ಸಿನ ಕಂಡಕ್ಟರ್. ಮಾತಿನ ಕೇಂದ್ರಕ್ಕೆ ರಕ್ತ ಒಯ್ಯುವ ನಾಳ ಒಂದು ಕಡೆ ಗುಳ್ಳೆಯಂತೆ ಉಬ್ಬಿತ್ತು. ಅದು ಒಡೆದರೆ ಜೀವ ಹೋಗುತ್ತದೆ. ರಿಪೇರಿ ಮಾಡುವಾಗ ಕೈ ತಪ್ಪಿದರೆ ಮಾತು ಹೋಗುತ್ತದೆ. ಮಾತು ಹೋದ ಕಂಡಕ್ಟರ್ ಯಾವ ಬಸ್ಸಿಗೆ ಬೇಕು? ಮಾತು ನೆಟ್ಟಗಿದೆಯೋ ಇಲ್ಲವೋ ಆಗಿಂದಾಗ್ಗೆ ತಿಳಿಯಲೆಂದು ಇನಾಮದಾರ ಅವಳನ್ನು ಎಚ್ಚರವಾಗಿಯೇ ಮಲಗಿಸಿ, ಬಸ್ ಸ್ಟಾಪುಗಳ ಹೆಸರು ಹೇಳಿಸುತ್ತಿದ್ದ.

"ಶಿರಗುಪ್ಪಿ, ನಲವಡಿ, ಅಣ್ಣಿಗೇರಿ, ಹುಲಕೋಟಿ…" ಸುತ್ತಲಿನವರ ಕಿವಿ ಗುಂಯ್‌ಗುಡುವಂಥ ಧ್ವನಿ.

ದೊಡ್ಡ ಕಣ್ಣನ್ನೇ ನೆಚ್ಚಿಕೊಂಡು ಅವನು ತೆಳ್ಳನೆಯ ತಂತಿಯೊಂದರ ಮೇಲೆ ಜಾರಿಸಿ ನಾಳದೊಳಗೆ ಜಾಳಿಗೆಯಂಥ ಸ್ಟೆಂಟ್ ಕೂರಿಸಿದ. ಚೆನ್ನಾಗಿಯೇ ಕೂತಿತ್ತು. ಆಮೇಲೆ ಪದ್ಧತಿಯಂತೆ ನನಗೆ ಪಾರದರ್ಶಕ ಹೊದಿಕೆ ಹಾಕಿ ಇಳಿಸಿದರು. ಪರದೆಯ ಮೇಲೆ ಸ್ಟೆಂಟಿನ ಪಕ್ಕದಲ್ಲೇ ಒಂದು ಕಪ್ಪು ಚುಕ್ಕೆ ಕಂಡಿತು.

ಇನಾಮದಾರನ ಮುಖ ಸಪ್ಪಗಾಯಿತು. "ತಂತಿ ತುದಿ ಮುರದದ. ಒಳಗ ಉಳದದ. ಕುಣಿಕಿ ಕೊಡ್ರಿ, ಹಿಡದು ತಗೀತೀನಿ" ಎಂದ.

ಇಲ್ಲದ ತುಂಡನ್ನು ಹಿಡಿಯಲು ಹೊಸ ಸ್ಟೆಂಟಿನೊಳಗೆ ಕುಣಿಕೆ ಆಡಿಸಿದರೆ ಏನಾಗುತ್ತದೆ? ಸ್ಟೆಂಟ್ ಕಿತ್ತು ಬರುತ್ತದೆ, ನಾಳ ಹರಿಯುತ್ತದೆ. ಅದು ನನಗೆ ಗೊತ್ತಿತ್ತು. ನನಗೆ ಬಾಯಿರಲಿಲ್ಲ. ಅಷ್ಟು ಅಸಹಾಯಕ ಗಳಿಗೆಯನ್ನು ನಾನು ಮತ್ತೆಂದೂ ಕಂಡಿಲ್ಲ. ಕುಣಿಕೆ ನಳಿಗೆಯ ಬಾಯಿಗೆ ಬಂತು.

ಅಷ್ಟರಲ್ಲಿ ಗಂಟಲೊಣಗಿ ನೀಲವ್ವ ಕೆಮ್ಮಿದಳು. ಪರದೆಯ ಮೇಲೆ ಬುರುಡೆ, ನಾಳ, ಸ್ಟೆಂಟ್ ಎಲ್ಲ ಅಲುಗಾಡಿದವು. ಚುಕ್ಕೆ ಮಾತ್ರ ಅಲುಗಲಿಲ್ಲ. ಇನಾಮದಾರನ ಕೈ ನಿಂತಿತು. ಒಳಗಿದ್ದದ್ದಾದರೆ ಅದೂ ಅಲುಗಬೇಕಿತ್ತು. ಅವನು ನಿಧಾನಕ್ಕೆ ತಲೆಯೆತ್ತಿ ನನ್ನ ಕಡೆ ನೋಡಿದ.

"ಹನುಮಪ್ಪನ ಸಿಂಧೂರ ಹತ್ತೇತ್ರಿ ಅದಕ್ಕ" ಎಂದಳು ನೀಲವ್ವ ಮಲಗಿದಲ್ಲಿಂದಲೇ. ನಾನು ಅವಳ ಮೂಗಿನ ಮೇಲೇ ಇದ್ದೆನಲ್ಲ. "ನಾ ಆಗ್ಲೇ ನೋಡೇನ್ರಿ. ದೇವ್ರು ಮ್ಯಾಲ ಅದಾನಂತ ಧೈರ್ಯ ಆತು."

ನರ್ಸು ಹೊದಿಕೆ ತೆಗೆದು ಸ್ಪಿರಿಟ್ಟಿನ ಹತ್ತಿಯಿಂದ ನನ್ನ ಮುಖ ಒರೆಸಿದಳು. ಚುಕ್ಕೆ ಮಾಯವಾಯಿತು. ನೀಲವ್ವ ಮಾತಿನ ಸಮೇತ ಮನೆಗೆ ಹೋದಳು.

ಬಳಸದ ಕುಣಿಕೆಯ ಪೊಟ್ಟಣ ಯಾಕೆ ಒಡೆಸಿದಿರಿ ಎಂದು ಆಸ್ಪತ್ರೆಯ ಅಧ್ಯಕ್ಷರು ಕೇಳಿದಾಗ ಆ ಮಹಾನುಭಾವ ಏನೆಂದ ಗೊತ್ತೇ? "ಸಣ್ಣ ಕಣ್ಣು ಕೆಟ್ಟದ್ರೀ. ಇಲ್ಲದ್ದು ತೋರಸ್ತದ." ನರ್ಸಮ್ಮ ನೆಲ ನೋಡಿದಳು. ಮಾರನೆಯ ದಿನ ನನ್ನ ಮೇಲೆ 'ಕೆಟ್ಟಿದೆ' ಎಂಬ ಚೀಟಿ ಅಂಟಿಸಿ ಮಡಚಿಟ್ಟರು. ಥೂ, ಎಂಥ ಜನ! ಇದ್ದದ್ದನ್ನು ಇದ್ದಂತೆ ತೋರಿಸಿದ್ದಕ್ಕೆ ನನಗೆ ಸುಳ್ಳನ ಪಟ್ಟ.

ಆರು ತಿಂಗಳಿಗೆ ನೀಲವ್ವ ತಪಾಸಣೆಗೆ ಬಂದಳು. ಒಮ್ಮೊಮ್ಮೆ ಊರಿನ ಹೆಸರು ನಾಲಿಗೆಗೆ ಬರುವುದಿಲ್ಲ ಎಂದಳು. ಮತ್ತೆ ನಳಿಗೆ ಏರಿಸಿ ದೊಡ್ಡ ಕಣ್ಣಿನಲ್ಲಿ ನೋಡಿದ ಇನಾಮದಾರ, "ಎಲ್ಲಾ ಛಲೋ ಅದ ನೀಲವ್ವಾ. ನಿಮಗ ದಣಿವಾಗೇದ" ಎಂದ.

"ಸಣ್ಣ ಕಣ್ಣಾಗ ನೋಡ್ರಿ ಸಾಹೇಬ್ರ."

"ಅದು ಕೆಟ್ಟದ."

"ಕೆಟ್ಟಿಲ್ರೀ! ಸಿಂಧೂರ ಹತ್ತಿತ್ತು. ನಾನ ನೋಡೇನಲ್ಲ."

ಕೋಣೆಯ ಗಾಜಿನ ಗೋಡೆಯಾಚೆ ಅಧ್ಯಕ್ಷರೂ ಕೆಲಸ ನೋಡಲು ಬಂದಿದ್ದ ಪರವೂರಿನ ಇಬ್ಬರು ಡಾಕ್ಟರುಗಳೂ ಕೂತಿದ್ದರು. ಇನಾಮದಾರ ನಗಲು ನೋಡಿದ. "ಆವತ್ತು ನಿಮಗ ಔಷಧದ ಅಮಲಿತ್ತವ್ವಾ."

"ಅಮಲಿನ್ಯಾಗ ಯಾರರ ಅಷ್ಟೂ ಸ್ಟಾಪ್ ತಪ್ಪಲ್ದಂಗ ಹೇಳ್ತಾರೇನ್ರಿ? ಈಗೂ ಹೇಳ್ತೀನಿ, ಕೇಳ್ರಿ. ಶಿರಗುಪ್ಪಿ, ನಲವಡಿ…"

ಅಲ್ಲಿಗೆ ನಿಂತಳು. ತುಟಿ ಆಡಿತು, ಧ್ವನಿ ಬರಲಿಲ್ಲ. ಇಷ್ಟು ವರ್ಷ ದಿನಕ್ಕೆ ಹತ್ತು ಸಲ ಕೂಗಿದ ಊರು, ಆ ಊರೇ ಬರಲಿಲ್ಲ. ಕಣ್ಣಲ್ಲಿ ನೀರು ತುಂಬಿತು. ನನಗೆ ಅವಳನ್ನು ಕಂಡು ಸಂಕಟವಾಯಿತು. ನಾಚಿಕೆ ಬಿಟ್ಟು ಹೇಳುತ್ತೇನೆ, ಪ್ರೀತಿಯೂ ಆಯಿತು.

ಇನಾಮದಾರ ಒಮ್ಮೆ ಗಾಜಿನ ಕಡೆ ನೋಡಿದ, ಒಮ್ಮೆ ಅವಳ ತುಟಿಯ ಕಡೆ. ಆಮೇಲೆ ಕೈಚಾಚಿ ನನ್ನ ಮೇಲಿನ ಚೀಟಿ ಕಿತ್ತು ಹಾಕಿದ. ನಿಜ ಹೇಳುತ್ತಾನೆ ಎಂದುಕೊಂಡೆ.

"ಮರತಿದ್ದೆ, ಹೋದ ವಾರ ರಿಪೇರಿ ಮಾಡಿಸೀನಿ" ಎಂದ ಗಟ್ಟಿಯಾಗಿ, ಗಾಜಿನಾಚೆಗೂ ಕೇಳುವಂತೆ.

ಇಳಿದೆ. ನೋಡಿದೆ. ಸ್ಟೆಂಟಿನ ಒಂದು ಬದಿಗೆ ಹಾಲಿನ ಕೆನೆಯಷ್ಟು ತೆಳ್ಳಗೆ ರಕ್ತ ಹೆಪ್ಪುಗಟ್ಟಿತ್ತು. ದೊಡ್ಡ ಕಣ್ಣಿಗೆ ಅದು ಏಳು ಜನ್ಮಕ್ಕೂ ಕಾಣುತ್ತಿರಲಿಲ್ಲ. ಇನಾಮದಾರ ನಳಿಗೆಯಲ್ಲಿ ಕರಗಿಸುವ ಔಷಧ ಬಿಟ್ಟ. ಎಲ್ಲರೂ ಅವಳ ಬಾಯಿ ನೋಡುತ್ತ ನಿಂತರು. ಬಹಳ ಹೊತ್ತಾದ ಮೇಲೆ "ಅಣ್ಣಿಗೇರಿ" ಎಂದಳು, ಮೆಲ್ಲಗೆ. ಮತ್ತೊಮ್ಮೆ ಜೋರಾಗಿ ಎಂದಳು. ನರ್ಸು ಅತ್ತಳು. ಗಾಜಿನಾಚೆಯವರು ಚಪ್ಪಾಳೆ ತಟ್ಟಿದರು, ಇನಾಮದಾರನಿಗೆ.

ಈಗ ನನಗೆ ವಯಸ್ಸಾಗಿದೆ. ಹರಳುಗಳು ಮಸುಕಾಗಿವೆ. ಒಂದು ಮೆಡಿಕಲ್ ಕಾಲೇಜಿನ ಗಾಜಿನ ಕಪಾಟಿನಲ್ಲಿ ಇಟ್ಟಿದ್ದಾರೆ. ಪ್ರತಿವರ್ಷ ಹೊಸ ವಿದ್ಯಾರ್ಥಿಗಳು ಬರುತ್ತಾರೆ. ಮೇಷ್ಟ್ರು ನನ್ನನ್ನು ತೋರಿಸಿ, "ಒಮ್ಮೆ ಕೆಟ್ಟಿತ್ತಂತ. ಇನಾಮದಾರ ಸಾಹೇಬ್ರು ಮುತುವರ್ಜಿಯಿಂದ ರಿಪೇರಿ ಮಾಡಿಸಿದರು" ಎನ್ನುತ್ತಾರೆ. ಏನು ಕೆಟ್ಟಿತ್ತು ಎಂದು ಯಾವನಾದರೂ ಒಬ್ಬ ಕೇಳುತ್ತಾನೆ. "ಏನೋ ಧೂಳು ಹೊಕ್ಕಿತ್ತಂತ" ಎಂದು ಮೇಷ್ಟ್ರು ಮುಂದಿನ ಕಪಾಟಿಗೆ ಹೋಗುತ್ತಾರೆ. ಅವರೆಲ್ಲ ಅದನ್ನು ಬರೆದುಕೊಳ್ಳುತ್ತಾರೆ.

ನನಗೆ ಬಾಯಿಲ್ಲ. ಗದಗ ದಾರಿಯಲ್ಲಿ ಒಬ್ಬಳಿಗೆ ಇದೆ. ಅವಳನ್ನು ಯಾರೂ ಹೋಗಿ ಕೇಳಿಲ್ಲ.