ಹನ್ನೊಂದು ಗಂಟೆಯ ಎಣಿಕೆ

ತುಂಬಿದೆಯಲ್ಲ, ಆ ಒಣಮರ ತುಂಬಿಹೋಗಿದೆಯಲ್ಲ — ಬಸ್ಸು ಹೆಬ್ಬಾಳದ ಫ್ಲೈಓವರ್ ಮೇಲೆ ನಿಂತಲ್ಲೇ ನಿಂತಿದೆ, ಕೆಳಗೆ ಕೆರೆ, ಕೆರೆಯೊಳಗೆ ನಡುಗಡ್ಡೆ, ಅದರ ತುದಿಯ ಒಣಗಿದ ಜಾಲಿಯಲ್ಲಿ ನೀರುಕಾಗೆಗಳು, ಎರಡೂ ರೆಕ್ಕೆ ಬಿಚ್ಚಿ ಬಿಸಿಲಿಗೆ ಹಿಡಿದಿವೆ, ಹದಿನೈದು, ಹದಿನಾರು, ಹದಿನೇಳು, ಇಷ್ಟು ದಿನ ಎಲ್ಲಿದ್ದಿರೇ ನೀವು, ಅಲ್ಲ, ನಾನೆಲ್ಲಿದ್ದೆ, ಪ್ರಾಕ್ಟಿಕಲ್ ಪೀರಿಯಡ್ ಇರುವುದೇ ಹನ್ನೊಂದಕ್ಕೆ, ಮೂರು ತಿಂಗಳು ವಿದ್ಯಾರ್ಥಿಗಳನ್ನು ಏರಿಯ ಮೇಲೆ ಸಾಲಾಗಿ ನಿಲ್ಲಿಸಿ ಹನ್ನೊಂದಕ್ಕೇ ಎಣಿಸಿದೆ, ಪುಟ್ಟ ದ್ವೀಪಗಳನ್ನು ಉಳಿಸುವುದು ಹೇಗೆ ಅಂತ ಪಾಠ ಬೇರೆ, ಕೊನೆಗೆ ವರದಿಯಲ್ಲಿ ಬರೆದೆ, ಒಣಮರ, ಹಕ್ಕಿಗಳಿಲ್ಲ, ಕಡಿದು ಸಸಿ ನೆಡಬಹುದು, ಕೆಳಗೆ ದಾಕ್ಷಾಯಣಿ ಅಂತ ದುಂಡಗೆ ಸಹಿ. ನಲವತ್ತು ವರ್ಷದಿಂದ ಇಲ್ಲೇ ಹುಲ್ಲು ಕೊಯ್ಯುವ ಮುನಿಕೆಂಪಮ್ಮಜ್ಜಿ ನಿನ್ನೆ ನಕ್ಕುಬಿಟ್ಟಳು, ಟೀಚರಮ್ಮ, ನೀವ್ ಬರೋ ಒತ್ಗೆ ಅವು ರೆಕ್ಕೆ ಒಣಗಿಸ್ಕೊಂಡು ಒಂಟೋಗಿರ್ತವೆ, ಸೊಪ್ಪಿರೋ ಮರದಾಗೆ ರೆಕ್ಕೆ ಬಿಚ್ಚಕ್ಕಾಯ್ತದಾ, ಒತ್ತಾರೆ ಬಂದು ನೋಡಿ. ದುರ್ಬೀನು ನನ್ನ ಕೊರಳಲ್ಲಿತ್ತು, ಕಣ್ಣಿದ್ದದ್ದು ಅಜ್ಜಿಗೆ, ಎಂಥ ಕಣ್ಣು, ನಾಚಿಕೆಯಾಗುತ್ತದೆ, ಖುಷಿಯೂ ಆಗುತ್ತದೆ.

ಎಂಟಕ್ಕೆ ಆ ಮರ ಕಡಿಯಲು ಗರಗಸ ಹೊತ್ತ ದೋಣಿ ಹೊರಡುತ್ತದೆ, ಈಗ ಏಳೂ ಐವತ್ತು, ಆಗಲೇ ಫೋನ್ ಮಾಡಿದರೆ ಕೆರೆ ನೋಡಿಕೊಳ್ಳುವ ಶಿವರಾಮ್ ಅಂದರು, ಸೈನ್ ನಿಮ್ದೇ ಅಲ್ವಾ ಮೇಡಂ, ತಪ್ಪು ನಂದು ಅಂತ ಗ್ರೂಪಲ್ಲಿ ಹಾಕಿ, ನಿಲ್ಲಿಸ್ತೀನಿ — ಗ್ರೂಪಿನಲ್ಲಿ ಪ್ರಿನ್ಸಿಪಾಲರಿದ್ದಾರೆ, ಅರವತ್ತು ವಿದ್ಯಾರ್ಥಿಗಳಿದ್ದಾರೆ, ನಾಳೆ ನನ್ನ ಎಣಿಕೆಯನ್ನು ಯಾರು ನಂಬುತ್ತಾರೆ, ಆದರೆ ಊರಿನ ಶಾಲೆಯಲ್ಲಿ ಮಾಸ್ತರರಾಗಿದ್ದ ಅಪ್ಪ ಅನ್ನುತ್ತಿದ್ದರು, ಬೋರ್ಡಿನ ಮ್ಯಾಲೆ ತಪ್ಪು ಬರದ್ರ ಹುಡುಗುರ ಮುಂದನ ಒರಸಬೇಕವಾ, ಕೈಯಲ್ಲಿ ಸೀಮೆಸುಣ್ಣದ ಪುಡಿ, ಸರಿ ಅಪ್ಪಾ, ಒರಸುತ್ತೇನೆ, ಹನ್ನೊಂದಕ್ಕೆ ಮಾತ್ರ ಎಣಿಸಿದ್ದು ನನ್ನ ತಪ್ಪು, ಮರ ಕಡಿಯಬೇಡಿ, ಈ ಪಾಠ ಕಲಿಸಿದವರು ಮುನಿಕೆಂಪಮ್ಮ, ಕಳಿಸಿದೆ, ಎಂಟಾಯಿತು, ದಡದಲ್ಲಿ ದೋಣಿ ಅಲ್ಲಾಡುತ್ತಿದೆ, ಹೊರಟಿತೇ, ಇಲ್ಲ, ಅದರೊಳಗೇನೋ ಹಸಿರು, ಹುಲ್ಲಿನ ಹೊರೆ, ಹೊರೆಯ ಮೇಲೆ ಅಜ್ಜಿ, ಕೂತೇಬಿಟ್ಟಿದ್ದಾಳೆ ಮಹಾತಾಯಿ, ಸುತ್ತ ನಾಲ್ವರು ಕೈಮುಗಿಯುತ್ತಿದ್ದಾರೆ, ಫೋನ್ ಗುಂಯ್ ಅಂತು, ಶಿವರಾಮ್, ನಿಲ್ಸಿದೀನಿ ಮೇಡಂ, ನೀವ್ ಬಂದು ಹೇಳೋ ತನಕ ಈಯಮ್ಮ ಏಳಲ್ವಂತೆ, ಬೇಗ ಬನ್ನಿ — ಬರ್ತೀನಿ, ಬಂದೆ, ಬಸ್ಸೇ ಹೊರಡು, ಅಲ್ಲ, ಒಂದು ನಿಮಿಷ ನಿಲ್ಲು, ಇನ್ನೊಂದು ಬಂತು, ಹದಿನೆಂಟನೆಯದು, ಒಣಕೊಂಬೆಗೆ ಕೂತಿತು, ನೀರು ಕೊಡವಿತು, ಎರಡೂ ರೆಕ್ಕೆ ಬಿಚ್ಚಿತು, ಎರಡೂ ರೆಕ್ಕೆ