ಹೊಟ್ಟಿಬ್ಯಾನಿ ಅಂತ ಬರಸೂಣು

ನೇತ್ರಾವತಿ ಒಂದು ಕೈಯಲ್ಲಿ ತಂಗಿ ಸುರೇಖಾಳ ಮುಂಗೈಯನ್ನೂ ಇನ್ನೊಂದರಲ್ಲಿ ಫೋನನ್ನೂ ಬಿಗಿಹಿಡಿದು ಯಲಬುರ್ಗಾದ ಬಸ್ ನಿಲ್ದಾಣದತ್ತ ದಾಪುಗಾಲು ಹಾಕುತ್ತಿದ್ದಳು. ಬೆಳಿಗ್ಗೆ ಚಹಾ ಕೊಟ್ಟಾಗ ಸುರೇಖಾ, "ಅಕ್ಕಾ, ನನಗ ಬದುಕೋದ ಸಾಕಾಗೈತಿ" ಅಂದಿದ್ದಳು. ಸಹಾಯವಾಣಿಯ ಹೆಣ್ಣುಮಗಳು, "ಒಬ್ಬಾಕಿನ್ನ ಬಿಡಬ್ಯಾಡ್ರಿ, ಈಗಿಂದೀಗ ಕೊಪ್ಪಳದ ದವಾಖಾನಿಗೆ ಕರಕೊಂಡು ಹೋಗ್ರಿ" ಎಂದು ಹೇಳಿ, ಇನ್ನೂ ಫೋನಿನಲ್ಲೇ ಇದ್ದಳು.

ಮನೆಯವರಿಂದ ಸುದ್ದಿ ತಿಳಿದ ಸೋದರಮಾವ ಓಬಳೆಪ್ಪನ ಬಿಳಿ ಕಾರು ಅಡ್ಡ ಬಂದು ನಿಂತಿತು. ಊರಿನಲ್ಲಿ ಯಾರ ಹೆಣಕ್ಕಾದರೂ ಮೊದಲು ಹೆಗಲು ಕೊಡುವ, ಬದುಕಿದ್ದವರಿಗೆ ಬರೀ ಬುದ್ಧಿ ಹೇಳುವ ದೊಡ್ಡ ಮನುಷ್ಯ ಅವನು.

"ಕೊಪ್ಪಳ ಬ್ಯಾಡವಾ. ನಮ್ಮ ಬೀಗರು ಅಲ್ಲೇ ಅದಾರ, ಮುಂದಿನ ವಾರ ನಮ್ಮ ಹುಡುಗನ ನಿಶ್ಚಯ ಐತಿ. ಗಂಗಾವತಿಗೆ ಹೋಗೂಣು. ಗುರ್ತಿನ ಡಾಕ್ಟರ್ ಅದಾನ, ಚೀಟಿಯೊಳಗ ಹೊಟ್ಟಿಬ್ಯಾನಿ ಅಂತ ಬರಸೂಣು."

"ಹೊಟ್ಟಿಗೆ ಗುಳಿಗಿ ನುಂಗಿದ್ರ ಮನಸ್ಸು ಛಲೋ ಅಕ್ಕೈತೇನು ಮಾವಾ?" ನೇತ್ರಾವತಿ ಕೇಳಿದಳು.

"ಮಂದಿ ಹುಚ್ಚಿ ಅಂತಾರಬೇ! ಮನಿತನದ ಮರ್ಯಾದಿ ನೋಡಬೇಕಲ್ಲ? ಏಸಿ ಐತಿ, ಹತ್ರಿ."

ಅವನು ಕಾರಿನ ಬಾಗಿಲು ತೆರೆದು, ಬೀಗರನ್ನು ಊಟಕ್ಕೆ ಏಳಿಸುವ ನಗೆ ನಕ್ಕ. ಆ ನಗೆಯ ಮೇಲೆ ಉಗುಳಬೇಕೆನಿಸಿತು ನೇತ್ರಾವತಿಗೆ. ಆದರೆ ಕೊಪ್ಪಳದ ಬಸ್ಸು ಹಾರನ್ ಹೊಡೆಯುತ್ತಿತ್ತು, ಉಗುಳಲು ಪುರುಸೊತ್ತಿರಲಿಲ್ಲ.

ಮೂರು ದಿನದಿಂದ ಯಾರ ಮುಖವನ್ನೂ ನೋಡದಿದ್ದ ಸುರೇಖಾ ತಲೆಯೆತ್ತಿ ಮಾವನನ್ನು ನೋಡಿದಳು.

"ನನ್ನ ಹೊಟ್ಟಿ ಛಲೋ ಐತಿ. ನಾ ನಿಮ್ಮ ಕಾರ್ ಹತ್ತಂಗಿಲ್ಲ."