ಬಸ್ರಾದಲ್ಲಿ ಗುಂಡೇಟಿಗೆ ಸತ್ತವನು

ಅಮೆರಿಕದ ಸನ್ನಿವೇಲ್‌ನ ಕನ್ನಡ ಕೂಟದಲ್ಲಿ ನಾಟಕ ಅಂದರೆ ಉಮಾಶ್ರೀ ಅಂತಲೇ ಆಗಿಹೋಗಿತ್ತು. ಬರೆಯುವವಳೂ ಅವಳೇ, ಆಡಿಸುವವಳೂ ಅವಳೇ. ಈ ಸಲ ಕಮಿಟಿಯವರು ಆರತಿಯ ನಾಟಕ ಆರಿಸಿದರು. ಬಾಗಲಕೋಟೆ ಕಡೆಯ ಹುಡುಗಿ, ಈ ಊರಿಗೆ ಬಂದು ಎರಡು ವರ್ಷವೂ ಆಗಿರಲಿಲ್ಲ.

ನಾಟಕ ಅವಳ ಮನೆಯ ಹಿರೀಕ ಶಿವರಾಜನದು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಪಡೆಯ ಸಿಪಾಯಿಯಾಗಿದ್ದ ಅವನು ಇರಾಕಿನ ಬಸ್ರಾದ ಹತ್ತಿರ ಬಿಳಿ ಅಧಿಕಾರಿಗೆ ಎದುರು ನಿಂತ, ಕೋರ್ಟ್ ಮಾರ್ಷಲ್ ಮಾಡಿ ಗುಂಡಿಟ್ಟು ಕೊಂದರು ಅನ್ನುವ ಕಥೆ. ರಿಹರ್ಸಲ್‌ನಲ್ಲಿ ಎಲ್ಲರ ಕಣ್ಣೂ ಒದ್ದೆ. ಉಮಾಶ್ರೀಗೆ ಶಿವರಾಜನ ತಾಯಿಯ ಪಾತ್ರ, ಎರಡೇ ಮಾತು. ಆರತಿ ‘ಉಮಕ್ಕ, ಸ್ವಲ್ಪ ಮೆತ್ತಗೆ ಹೇಳ್ರೀ’ ಅಂದಾಗಲೆಲ್ಲ ಅವಳು ಅದೇ ಮಾತನ್ನು ಇನ್ನಷ್ಟು ಜೋರಾಗಿ ಹೇಳುತ್ತಿದ್ದಳು.

ಒಂದು ದಿನ ಆರತಿ ಆಫೀಸಿಗೆ ಹೋಗಿದ್ದಾಗ ಉಮಾಶ್ರೀ ಪಾತ್ರಕ್ಕೆ ಇಳಕಲ್ ಸೀರೆ ಕೇಳುವ ನೆಪದಲ್ಲಿ ಅವಳ ಅಪಾರ್ಟ್‌ಮೆಂಟಿಗೆ ಹೋದಳು. ಊರಿಂದ ಬಂದಿದ್ದ ಆರತಿಯ ಅಜ್ಜಿ ನೀಲವ್ವ ಚಹಾ ಕೊಟ್ಟಳು. ಶಿವರಾಜ ನೀಲವ್ವನಿಗೆ ಸ್ವಂತ ಅಜ್ಜ.

‘ನಿಮ್ಮಜ್ಜ ದೊಡ್ಡ ಧೈರ್ಯವಂತ ಅಲ್ವಾ ಅಜ್ಜಿ, ಬ್ರಿಟಿಷರಿಗೇ ಎದುರು ನಿಂತ್ರಂತೆ.’

‘ಯಾರಿಗೂ ಎದುರ ನಿಂತಿದ್ದಿಲ್ಲ ಯವ್ವಾ. ಸೆರಿ ಸಿಕ್ಕ ತುರ್ಕಿ ಸಿಪಾಯಿಗಳನ್ನ ಕೈ ಕಟ್ಟಿ ಕುಂದ್ರಿಸಿದ್ರಂತ. ಹಿಂದಿನ ದಿನ ಇವನ ಗೆಳ್ಯಾ ಸತ್ತಿದ್ದ. ಆ ಸಿಟ್ಟಿಗೆ ಅವರನ್ನೆಲ್ಲಾ ಗುಂಡ ಹೊಡದ ಕೊಂದ. ಸಾಹೇಬನ ಹುಕುಂ ಇತ್ತು ಅಂದ. ನಾ ಹೇಳೇ ಇಲ್ಲ ಅಂದ ಸಾಹೇಬ. ಅದಕ್ಕ ಇವಗ ಗುಂಡಿಟ್ರು. ಜೋಡಿ ಹೋಗಿದ್ದ ಊರಾವ ಬಂದು ನಮ್ಮಜ್ಜಿಗೆ ಹೇಳಿದ.’

‘ಆರತಿಗೆ ಗೊತ್ತಾ?’

‘ಅಕಿ ನನ್ನ ಕೇಳೇ ಇಲ್ಲ. ಅವರಪ್ಪ ಹೇಳಿದ್ದನ್ನ ಬರದಾಳ.’

ಕಾರಿನಲ್ಲಿ ಕೂತ ಉಮಾಶ್ರೀಗೆ ಹಬ್ಬದೂಟ ಉಂಡಷ್ಟು ತೃಪ್ತಿ. ಶನಿವಾರ ಕಮಿಟಿಯ ಸಿದ್ದರಾಜು ಅವರ ಗ್ಯಾರೇಜಿನಲ್ಲಿ ರಿಹರ್ಸಲ್ ಮುಗಿಯುತ್ತಲೇ, ಎಲ್ಲರೂ ಚಕ್ಕುಲಿ ತಿನ್ನುತ್ತಿರುವಾಗ, ಅಜ್ಜಿ ಹೇಳಿದ್ದನ್ನು ಒಂದೂ ಬಿಡದೆ ಹೇಳಿದಳು. ‘ಕೈ ಕಟ್ಟಿದವರನ್ನ ಕೊಂದವನನ್ನ ಹುತಾತ್ಮ ಅಂತ ತೋರಿಸಿದ್ರೆ ನಾಳೆ ನಮ್ಮ ಕೂಟದ ಮರ್ಯಾದೆ?’

ಆರತಿಯ ಮುಖ ಬಿಳಿಚಿಕೊಂಡಿತು. ಬ್ಯಾಗು ತಗೊಂಡು ಹೊರಟುಹೋದಳು. ಇನ್ನು ಕಮಿಟಿ ತನ್ನ ಬಳಿಗೇ ಬರಬೇಕು ಅಂತ ಉಮಾಶ್ರೀ ಹಳೆಯ ನಾಟಕವೊಂದನ್ನು ಹುಡುಕಿಟ್ಟಳು.

ಬಂದದ್ದು ಆರತಿ, ಮುಂದಿನ ವಾರ, ಹೊಸದಾಗಿ ಬರೆದ ನಾಟಕ ಹಿಡಿದು. ಅದರಲ್ಲಿ ಶಿವರಾಜ ಕೈದಿಗಳನ್ನು ಕೊಲ್ಲುತ್ತಾನೆ. ಅಧಿಕಾರಿ ಕೈತೊಳೆದುಕೊಳ್ಳುತ್ತಾನೆ. ಸುದ್ದಿ ತಂದ ಊರವನನ್ನು ಹೆಂಡತಿ ಕೇಳುತ್ತಾಳೆ: ‘ಹುಕುಂ ಯಾರದರ ಇರಲಿ, ಬಂದೂಕ ಯಾರ ಕೈಯಾಗಿತ್ತು?’

ಓದುತ್ತ ಓದುತ್ತ ಉಮಾಶ್ರೀಗೆ ಗೊತ್ತಾಯಿತು, ಇಂಥದ್ದೊಂದು ಸಾಲು ತನಗೆ ಈ ಜನ್ಮದಲ್ಲಿ ಬರೆಯಲು ಬಂದಿಲ್ಲ.

ಪ್ರದರ್ಶನದ ದಿನ ಪರದೆ ಬಿದ್ದ ಮೇಲೆ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಆರತಿ ಮೈಕ್ ಹಿಡಿದು, ‘ಉಮಕ್ಕ ಅವತ್ತು ಹೇಳದಿದ್ರೆ ನಾನು ಸುಳ್ಳನ್ನೇ ಆಡಿಸ್ತಿದ್ದೆ’ ಅಂದು ಅವಳ ಕೈ ಹಿಡಿದು ಮುಂದಕ್ಕೆ ಎಳೆದಳು. ಆ ಮಾತಿನಲ್ಲಿ ವ್ಯಂಗ್ಯ ಇರಬಹುದೇನೋ ಅಂತ ಉಮಾಶ್ರೀ ಹುಡುಕಿದಳು. ಇರಲಿಲ್ಲ. ಇದ್ದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.